ಪೂರ್ಣವಸೂಲಿ ರಾಯರ ಸಮುದ್ರವಾಸ

ಹೋಟೆಲಿನ ಕೋಣೆಯ ಬೀಗದ ಕೈ ದೊರೆತೊಡನೆ, ದಾರಿಯ ದಣಿವುಳ್ಳವನು ಹಾಸಿಗೆಯ ಮೇಲೆ ಉರುಳಿಕೊಳ್ಳುತ್ತಾನೆ, ರಸಿಕನಾದವನು ಕಿಟಕಿಯ ಪರದೆಯನ್ನು ಸರಿಸಿ ಕಡಲಿನ ಕಡೆ ಕಣ್ಣು ಹಾಯಿಸುತ್ತಾನೆ. ಆದರೆ ನಮ್ಮ ಪೂರ್ಣವಸೂಲಿ ರಾಯರು ನೇರವಾಗಿ ಸ್ನಾನದ ಮನೆಯನ್ನು ಹೊಕ್ಕು, ಅಲ್ಲಿರತಕ್ಕ ಸಾಬೂನಿನ ಬಿಲ್ಲೆಗಳೆಷ್ಟು, ಶಾಂಪೂವಿನ ಪುಟ್ಟ ಶೀಶೆಗಳೆಷ್ಟು, ಟವಲುಗಳು ಎರಡೋ ನಾಲ್ಕೋ ಎಂಬುದನ್ನು ಎಣಿಸಿ, ಜೇಬಿನ ದಿನಚರಿಯಲ್ಲಿ ಹಸಿರು ಮಸಿಯಿಂದ ಗುರುತು ಮಾಡಿಕೊಂಡ ಹೊರತು ಪಾದರಕ್ಷೆಯನ್ನು ಸಹ ಕಳಚುವವರಲ್ಲ. ತಂದೆತಾಯಿಗಳು ಅವರಿಗಿಟ್ಟ ಹೆಸರು ಬೇರೆ. ಈ ಹೆಸರು ನಾನಿಟ್ಟದ್ದು. ಇದಕ್ಕೆ ತಕ್ಕವರು ರಾಯರಲ್ಲಿಯೇ ಇರಬೇಕೆಂದೇನೂ ಇಲ್ಲ. ಗೌಡರಲ್ಲಿಯೂ, ಶೆಟ್ಟರಲ್ಲಿಯೂ, ಪಾಟೀಲರಲ್ಲಿಯೂ ನಾನು ಕಂಡಿದ್ದೇನೆ, ಮತ್ತು ಓದುಗರ ಬಂಧುವರ್ಗದಲ್ಲಿ ಅಂಥವರೊಬ್ಬರಾದರೂ ಇರದೆ ಇರಲಾರರೆಂದು ನಂಬಿದ್ದೇನೆ.

ರಾಯರು ಬೆಂಗಳೂರಿನವರು, ಲೆಕ್ಕತನಿಖೆಯ ಕೆಲಸದಲ್ಲಿ ಆಯುಷ್ಯದ ಮುಕ್ಕಾಲು ಪಾಲನ್ನು ಸವೆಸಿ ನಿವೃತ್ತರಾದವರು. ನಾನು ಅವರ ನೆರೆಯ ಕೋಣೆಯವನಾದದ್ದು ಕಳೆದ ಡಿಸೆಂಬರ್ ಮಾಸದಲ್ಲಿ. ಕುಂದಾಪುರದಿಂದ ಬಡಗಲಾಗಿ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯು ಮರವಂತೆಯಲ್ಲಿ ಒಂದು ಮಗ್ಗುಲಿಗೆ ಸೌಪರ್ಣಿಕೆಯನ್ನೂ ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರವನ್ನೂ ಇರಿಸಿಕೊಂಡು ಸ್ವಲ್ಪ ದೂರ ಮೆರೆದು, ಆ ವೈಭವವನ್ನು ಮುಗಿಸಿ ಮತ್ತೆ ಸಾಮಾನ್ಯ ರಸ್ತೆಯಾದ ಮೇಲೆ ಎಡಗಡೆಗೆ ಸಿಕ್ಕುವ ತೆಂಗಿನ ತೋಪುಗಳಲ್ಲೊಂದರ ನಡುವೆ ಆ ಹೋಟೆಲು ಇತ್ತು. ಅದು ಪಂಚತಾರೆಯದೂ ಅಲ್ಲ, ಬಸ್ ನಿಲ್ದಾಣದ ಎದುರಿನ ಲಾಡ್ಜೂ ಅಲ್ಲ; ಮಧ್ಯಮ ದರ್ಜೆಯದು. ಈ ಮಧ್ಯಮ ದರ್ಜೆಯೇ ಪೂರ್ಣವಸೂಲಿಗಳ ನಿಜವಾದ ಕರ್ಮಭೂಮಿಯೆಂಬುದು ನನ್ನ ಅಭಿಪ್ರಾಯ. ಪಂಚತಾರೆಯ ಹೋಟೆಲಿನಲ್ಲಿ ಬಾಗಿಲು ಕಾಯುವವನ ಪೇಟವನ್ನು ಕಂಡೇ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಲಾಡ್ಜಿನಲ್ಲಿ ಕೇಳಿದರೂ ಕೊಡಲು ಅವರಲ್ಲಿ ಏನೂ ಇರುವುದಿಲ್ಲ. ಕೊಟ್ಟ ಹಣವು ಹೆಚ್ಚಾಯಿತೆಂಬ ಸಂಶಯಕ್ಕೂ, ಕೇಳಿದರೆ ಇನ್ನಷ್ಟು ದೊರೆತೀತೆಂಬ ಆಸೆಗೂ ಸಮನಾದ ಅವಕಾಶವಿರುವುದು ನಡುವಣ ಈ ಕಕ್ಷೆಯಲ್ಲಿ ಮಾತ್ರ.

ರಾಯರ ಕೋಣೆಯು ‘ಸೀ ವ್ಯೂ’ ವರ್ಗಕ್ಕೆ ಸೇರಿದ್ದು, ದಿನವೊಂದಕ್ಕೆ 800 ರೂಪಾಯಿ ಅಧಿಕ. ಬಾಲ್ಕನಿಯಲ್ಲಿ ನಿಂತು ನೋಡಲಾಗಿ, ಒಂದು ತೆಂಗಿನ ಮರಕ್ಕೂ ನೀರಿನ ತೊಟ್ಟಿಗೂ ನಡುವೆ ಕಡಲು ಕಾಣುತ್ತಿದ್ದುದೇನೋ ನಿಜ. ರಾಯರು ತೋಳನ್ನು ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ಅಳೆದು, ಅದು ಒಂದು ಗೇಣು ನಾಲ್ಕು ಬೆರಳೆಂದು ನಿರ್ಧರಿಸಿ, ಉಳಿದ ಸಮುದ್ರವೆಲ್ಲಿ ಎಂದು ಕೇಳಲು ಕೆಳಗಿಳಿದರು. ಮ್ಯಾನೇಜರು ಆ ಕಡೆಯವರೇ. ಎಂಥ ಕೋಪವನ್ನಾದರೂ ಅರ್ಧ ಮಾತಿನಲ್ಲಿ ಇಂಗಿಸಬಲ್ಲ ಸಮಾಧಾನಿ.

“ಈಗ ಗಾಳಿ ಇಲ್ಲ ಸರ್. ಮಧ್ಯಾಹ್ನ ಮೇಲೆ ಕಡಲ ಗಾಳಿ ಏಳ್ತದೆ, ಆಗ ಗರಿ ಓಲಾಡುವಾಗ ಜಾಸ್ತಿ ಕಾಣ್ತದೆ,” ಎಂದರು.

ಹಗಲೆಲ್ಲ ನೆಲವು ಕಾದು ಅದರ ಮೇಲಣ ಗಾಳಿಯು ಮೇಲೇರಿದಾಗ ಸಮುದ್ರದ ತಂಪುಗಾಳಿ ಒಳನುಗ್ಗುವುದೆಂಬುದು ಶಾಲೆಯ ಪುಸ್ತಕದ ಮಾತಾದ ಕಾರಣ ರಾಯರು ಅದನ್ನು ಅಲ್ಲಗಳೆಯಲಾರದೆ ಹೋದರು. ಅಂದು ಮೂರು ಗಂಟೆಯಿಂದ ಐದರವರೆಗೆ ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಗರಿ ಸರಿದಾಗಲೆಲ್ಲ ಕತ್ತನ್ನು ಚಾಚಿ, ತಮಗೆ ಬರಬೇಕಾದ ಸಮುದ್ರವನ್ನು ಕಂತುಕಂತಾಗಿ ವಸೂಲು ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಕಡಲಿನಲ್ಲಿ ಸೂರ್ಯೋದಯವನ್ನು ನೋಡಲು ಐದೂವರೆಗೆ ಎಬ್ಬಿಸಬೇಕೆಂದೂ ಅವರು ಅಪ್ಪಣೆ ಮಾಡಿದ್ದರು. “ಇಲ್ಲಿ ಮುಳುಗೂದ್ ಮಾತ್ರ ಸರ್, ಹುಟ್ಟೂದ್ ಹೆದ್ದಾರಿ ಬದಿಗೆ” ಎಂದು ರೂಮ್‌ಬಾಯ್ ತಗ್ಗಿದ ದನಿಯಲ್ಲಿ ಅರಿಕೆ ಮಾಡಿದ ಮೇಲೆ ಆ ವಿಚಾರ ಅಲ್ಲಿಗೆ ನಿಂತಿತು.

ಆದರೆ ಇವೆಲ್ಲ ಸಣ್ಣಪುಟ್ಟ ಬಾಬತ್ತುಗಳು. ರಾಯರ ಪ್ರತಿಭೆಯು ಪೂರ್ಣವಾಗಿ ಪ್ರಕಾಶಕ್ಕೆ ಬರುತ್ತಿದ್ದುದು ಬೆಳಗಿನ ಉಪಾಹಾರದ ವೇಳೆಗೆ. ಕೋಣೆಯ ಬಾಡಿಗೆಯಲ್ಲಿಯೇ ಅಡಕವಾದ ಈ ಬಫೆಯು ಏಳೂವರೆಯಿಂದ ಹತ್ತರವರೆಗೆ. ಏಳು ಇಪ್ಪತ್ತೈದಕ್ಕೆ ರಾಯರು ಬಾಗಿಲ ಬಳಿ ಹಾಜರು. ಇಡ್ಲಿ, ನೀರುದೋಸೆ, ಬನ್ಸು, ಗೋಳಿಬಜೆ, ಅವಲಕ್ಕಿ, ಇತ್ತ ಕಲ್ಲಂಗಡಿ ಪಪ್ಪಾಯಿಗಳ ಹೋಳು, ಅತ್ತ ಬ್ರೆಡ್ಡು, ಬೆಣ್ಣೆ, ಜಾಮು, ಕಾರ್ನ್‌ಫ್ಲೇಕ್ಸು. ಸಾಮಾನ್ಯರು ನಾಲಗೆ ಹೇಳಿದಂತೆ ಕೇಳಿ ನೀರುದೋಸೆಯ ಕಡೆ ಹೋಗುತ್ತಾರೆ. ರಾಯರ ಸಿದ್ಧಾಂತ ಬೇರೆ. ಇಡ್ಲಿಯು ಮನೆಯಲ್ಲಿಯೂ ದೊರೆಯತಕ್ಕದ್ದು, ಅದರ ಅಸಲು ಬೆಲೆ ಅತ್ಯಲ್ಪ. ಆದುದರಿಂದ ಇಡ್ಲಿಯಿಂದ ಹೊಟ್ಟೆ ತುಂಬಿಸಿಕೊಂಡವನು ಹೋಟೆಲಿನವನಿಗೆ ಧರ್ಮ ಮಾಡಿದಂತಾಯಿತು. ಈ ನ್ಯಾಯವನ್ನನುಸರಿಸಿ ಅವರು, ಜನ್ಮಾರಭ್ಯ ತಮಗೆ ಸೇರದ ಕಾರ್ನ್‌ಫ್ಲೇಕ್ಸನ್ನು ಎರಡು ಬಟ್ಟಲು ನುಂಗಿ, ಬೆಣ್ಣೆಯ ಚಿಕ್ಕ ಪೊಟ್ಟಣಗಳನ್ನು ಬ್ರೆಡ್ಡಿನ ಹಂಗಿಲ್ಲದೆಯೇ ಮುಗಿಸಿ, ಜಾಮಿನ ಕಡೆಗೆ ಕೈ ನೀಡುವಾಗ ಅವರ ಮನೆಯವರು, ನೀರುದೋಸೆಯ ಮೇಲಿಂದ ತಲೆಯೆತ್ತದೆಯೇ, “ರೀ, ಸಕ್ಕರೆ ಏರಿದರೆ ಆಮೇಲೆ ಡಾಕ್ಟರಿಗೆ ಕೊಡೋ ಫೀಸು ಯಾರ ಲೆಕ್ಕಕ್ಕೆ ಬರೀತೀರಿ?” ಎಂದು ಕೇಳಿದರು. ಈ ಪ್ರಶ್ನೆಗೆ ರಾಯರು ಉತ್ತರ ಕೊಡಲಿಲ್ಲ. ಜಾಮನ್ನು ಬಿಡಲೂ ಇಲ್ಲ. ಒಂಬತ್ತು ಮುಕ್ಕಾಲಿಗೆ ಅವರು “ಒಂದು ಕಾಫಿ ಮಾತ್ರ” ಎಂದು ಹೇಳಿಕೊಂಡು ಎರಡನೆಯ ಸಲ ಬರುವರು. ಆ ಕಾಫಿಯ ಜೊತೆಗೆ ಏನೇನು ಹೋಯಿತೆಂಬುದನ್ನು ನಾನು ಬರೆಯಲಾರೆ. ನೆರೆಯವನೆಂಬ ದಾಕ್ಷಿಣ್ಯ ಒಂದಿದೆ.

ಇನ್ನು ‘ಖಾಸಗಿ ಕಡಲತೀರ’. ಹೋಟೆಲಿನ ಬಣ್ಣದ ಕರಪತ್ರದಲ್ಲಿ ಈ ಎರಡು ಶಬ್ದಗಳು ದಪ್ಪ ಅಕ್ಷರದಲ್ಲಿದ್ದವು, ಮತ್ತು ರಾಯರು ಇಷ್ಟು ದೂರ ಬಂದದ್ದು ಅವುಗಳನ್ನು ನಂಬಿಕೊಂಡೇ. ನಮ್ಮ ದೇಶದಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ಮರಳು ಯಾವನೊಬ್ಬನ ಸೊತ್ತೂ ಅಲ್ಲವೆಂಬುದನ್ನೂ, ಕೇಂದ್ರ ಸರ್ಕಾರದ 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಉಬ್ಬರದ ಗೆರೆಯಿಂದ 500 ಮೀಟರಿನವರೆಗಿನ ಭೂಮಿಯನ್ನು ಕಟ್ಟುಪಾಡಿಗೆ ಒಳಪಡಿಸಿದ್ದಲ್ಲದೆ, ಎರಡು ಹೋಟೆಲುಗಳ ನಡುವೆ ಜನರು ಕಡಲಿಗೆ ಹೋಗಿಬರಲು 20 ಮೀಟರ್ ಅಗಲದ ತೆರಪನ್ನು ಬಿಡಬೇಕೆಂದು ವಿಧಿಸಿತ್ತೆಂಬುದನ್ನೂ ಬಲ್ಲವರಿಗೆ, ಖಾಸಗಿ ಕಡಲತೀರವೆಂದರೆ ಖಾಸಗಿ ಗೇಟಿನ ಆಚೆಗಿರುವ ಸಾರ್ವಜನಿಕ ಮರಳು ಎಂದು ತಿಳಿಯುವುದು ಕಷ್ಟವಲ್ಲ. ರಾಯರಿಗೂ ತಿಳಿಯದ ಕಾಯಿದೆಯಲ್ಲ ಇದು. ಆದರೆ ಹಣ ಕೊಟ್ಟ ಮೂರು ದಿನಗಳ ಮಟ್ಟಿಗೆ ಅದನ್ನು ಮರೆಯುವುದು ಅವರಿಗೆ ಲಾಭದಾಯಕವಾಗಿತ್ತು. ಗೇಟು ದಾಟಿದೊಡನೆ ಅವರು ‘ನಮ್ಮ ಬೀಚು’ ಎನ್ನತೊಡಗಿದರು. ನೆರೆಯ ಕೇರಿಯ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಒಬ್ಬ ಮುದುಕಿ ಚಾಪೆಯ ಮೇಲೆ ಮೀನು ಒಣಗಿಸುತ್ತಿದ್ದಳು. ಇವರೆಲ್ಲರನ್ನೂ ತೆರವು ಮಾಡಿಸತಕ್ಕದ್ದೆಂದು ರಾಯರು ಕಾವಲುಗಾರನಿಗೆ ಆಜ್ಞಾಪಿಸಿದರು. ಆ ಮುದುಕಿಯು ಅವನ ತಾಯಿ. ಅವನು “ಆಯ್ತು ಸರ್” ಎಂದು ಸೀಟಿಯನ್ನು ಬಾಯಿಗಿಟ್ಟು, ಸಮುದ್ರದ ಕಡೆ ತಿರುಗಿ ಜೋರಾಗಿ ಊದಿದನು.

ತೀರದ ಅಗಲವನ್ನು ರಾಯರು ಮೊದಲ ಸಂಜೆ ಹೆಜ್ಜೆಯಿಂದ ಅಳೆದಾಗ ಅದು ನಲವತ್ತೆರಡು ಹೆಜ್ಜೆ ಇದ್ದಿತು. ಮರುದಿನ ಬೆಳಿಗ್ಗೆ ನೋಡುವಲ್ಲಿ ಇಪ್ಪತ್ತಾರು. ಹದಿನಾರು ಹೆಜ್ಜೆಗಳ ಖೋತಾ! ಇದು ಉಬ್ಬರವಿಳಿತದ ಪ್ರಭಾವವೆಂದೂ, ಇಂದು ಇಷ್ಟು ಹೊತ್ತಿಗೆ ಬಂದ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುವುದೆಂದೂ, ಚಂದ್ರನೇ ದಿನದಿನವೂ ಅಷ್ಟಷ್ಟು ತಡವಾಗಿ ನೆತ್ತಿಗೆ ಬರುವುದು ಇದಕ್ಕೆ ಕಾರಣವೆಂದೂ ಮ್ಯಾನೇಜರು ತಾಳ್ಮೆಯಿಂದ ವಿವರಿಸಿದರು. ರಾಯರು ದಿನಚರಿಯಲ್ಲಿ ‘ಸಮುದ್ರ: ದಿನಂಪ್ರತಿ 50 ನಿಮಿಷ ವಿಳಂಬ’ ಎಂದು ಬರೆದುಕೊಂಡು ನಿಟ್ಟುಸಿರಿಟ್ಟರು. “ಮೇಲಿನವರು ತಡವಾಗಿ ಬಂದರು ಅಂತ ಕೆಳಗಿನವರೂ ತಡವಾಗಿ ಬರೋದು. ನಮ್ಮ ಆಫೀಸಿನಲ್ಲೂ ಹೀಗೇ ಇತ್ತು.”

ಮೂರನೆಯ ದಿನ ಪ್ರಾತಃಕಾಲ ಗದ್ದಲವನ್ನು ಕೇಳಿ ಎದ್ದು ಹೋಗಿ ನೋಡಿದರೆ, ‘ನಮ್ಮ ಬೀಚಿ’ನಲ್ಲಿ ಇಪ್ಪತ್ತು ಮೂವತ್ತು ಮಂದಿ ಎರಡು ಸಾಲಾಗಿ ಹಗ್ಗ ಹಿಡಿದು ಹಿಂದುಹಿಂದಕ್ಕೆ ವಾಲುತ್ತಿದ್ದರು. ಕೈರಂಪಣಿ. ದೋಣಿಯಲ್ಲಿ ಹೋಗಿ ಕಡಲಿನೊಳಗೆ ಅರ್ಧಚಂದ್ರಾಕಾರವಾಗಿ ಬಲೆಯನ್ನು ಬಿಟ್ಟುಬಂದು, ಅದರ ಎರಡು ತುದಿಗಳನ್ನೂ ದಡದಿಂದ ಎಳೆಯುವ ಪದ್ಧತಿಯಿದು. ಇದರ ಹಿರಿಯಣ್ಣನಾದ ದೊಡ್ಡ ರಂಪಣಿಗೆ ಊರಿಗೆ ಊರೇ ಕೈ ಹಚ್ಚಬೇಕಾಗಿತ್ತಂತೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡುಗಳನ್ನು ಆಳದಲ್ಲಿಯೇ ಬಳಿದುಕೊಳ್ಳತೊಡಗಿದ ಮೇಲೆ ಅದು ಬಹುಮಟ್ಟಿಗೆ ಅಸ್ತಂಗತವಾಗಿ, ಈ ಕಿರಿಯದು ಮಾತ್ರ ಅಲ್ಲಲ್ಲಿ ಉಸಿರಾಡುತ್ತಿದೆ. ರಾಯರು ಹೋಟೆಲಿನ ಟವಲನ್ನು ಹೆಗಲ ಮೇಲೆ ಹಾಕಿಕೊಂಡು, ಅತಿಕ್ರಮಣದ ವಿಚಾರಣೆಗೆಂದು ದಾಪುಗಾಲಿಡುತ್ತ ಬಂದರು. ಅವರು ಬಾಯಿ ತೆರೆಯುವುದಕ್ಕೆ ಮುಂಚೆಯೇ ಸಾಲಿನ ಹಿರಿಯನೊಬ್ಬನು ಹಿಂತಿರುಗಿ ಕೂಗಿದನು:

“ಹ್ವಾಯ್, ನಿಂತ್ಕಂಡ್ ಎಂತ ಕಾಂತ್ರಿ? ಹಗ್ಗಕ್ ಒಂಚೂರ್ ಕೈ ಹಾಕಿ ಕಾಂಬ!”

ಸೇವಾವಧಿಯಲ್ಲೆಲ್ಲ ಇತರರ ಕೆಲಸವನ್ನು ತನಿಖೆ ಮಾಡಿದವರಿಗೆ, ಕೆಲಸಕ್ಕೆ ಕೈ ಹಾಕಿರೆಂದು ಯಾರೂ ಹೇಳಿರಲಿಲ್ಲವೆಂದು ತೋರುತ್ತದೆ. ರಾಯರು ಮಂತ್ರಮುಗ್ಧರಂತೆ ಹಗ್ಗವನ್ನು ಹಿಡಿದರು. ಪಂಚೆಯು ತೊಯ್ದಿತು, ಅಂಗೈಯಲ್ಲಿ ಬೊಕ್ಕೆಗಳೆದ್ದವು, ಕನ್ನಡಕವು ಮೂಗಿನ ತುದಿಗಿಳಿಯಿತು. ಒಂದು ಗಂಟೆಯ ಮೇಲೆ ಬಲೆಯ ಹೊಟ್ಟೆಯು ದಡಕ್ಕೆ ಬಂದು, ಭೂತಾಯಿಯೂ ಬಂಗುಡೆಯೂ ಬೆಳ್ಳಿಯ ರಾಶಿಯಾಗಿ ಪಟಪಟನೆ ಹಾರತೊಡಗಿದಾಗ ರಾಯರು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರು. ಏನು ಕೂಗಿದರೆಂಬುದು ಅವರಿಗೂ ನೆನಪಿಲ್ಲ. ಹಗ್ಗಕ್ಕೆ ಕೈ ಕೊಟ್ಟವನನ್ನು ಬರಿಗೈಯಲ್ಲಿ ಕಳುಹಬಾರದೆಂದು ಆ ಹಿರಿಯನು ಹನ್ನೆರಡು ಬಂಗುಡೆಗಳನ್ನು ಆರಿಸಿ ಮುಂದೆ ಹಿಡಿದನು. “ತಕಣಿ, ಇದ್ ನಿಮ್ ಪಾಲ್.”

ಇಲ್ಲಿ ಧರ್ಮಸಂಕಟ ಒದಗಿತು. ಈರುಳ್ಳಿಯನ್ನೇ ಹೊಸಿಲು ದಾಟಗೊಡದ ಮನೆತನದ ರಾಯರು ಮೀನನ್ನು ಮುಟ್ಟುವಂತಿಲ್ಲ. ಆದರೆ ‘ಪಾಲು’ ಎಂಬ ಶಬ್ದವು ಕಿವಿಗೆ ಬಿದ್ದ ಮೇಲೆ ಅದನ್ನು ಬಿಟ್ಟುಬರುವಂತೆಯೂ ಇಲ್ಲ. ಕ್ಷಣಕಾಲ ಆಕಾಶವನ್ನು ನೋಡಿದರು, ಕ್ಷಣಕಾಲ ಬಂಗುಡೆಯನ್ನು ನೋಡಿದರು. ಕೊನೆಗೆ ಟವಲಿನ ಎರಡು ಚುಂಗುಗಳನ್ನು ತುದಿಬೆರಳಿನಲ್ಲಿ ಹಿಡಿದು ಜೋಳಿಗೆ ಮಾಡಿ ಒಡ್ಡಿದರು. ಹಾಗೆಯೇ ತೋಳನ್ನು ದೂರ ಚಾಚಿಕೊಂಡು ರಿಸೆಪ್ಷನ್ನಿಗೆ ನಡೆದರು.

“ಹನ್ನೆರಡು ಬಂಗುಡೆ. ನಿಮ್ಮ ಮೆನುವಿನಲ್ಲಿ ಫ್ರೈ ಒಂದಕ್ಕೆ 180 ರೂಪಾಯಿ. ಒಟ್ಟು 2,160. ಕಚ್ಚಾ ಮಾಲು, ಅರ್ಧ ಬಿಡುತ್ತೇನೆ. 1,080 ರೂಪಾಯಿ ನನ್ನ ಬಿಲ್ಲಿನಲ್ಲಿ ವಜಾ ಮಾಡಿ.”

ಮ್ಯಾನೇಜರು ಮೀನನ್ನು ನೋಡಿದರು, ಟವಲನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಬಳಿಕ ಬಹು ವಿನಯದಿಂದ, “ಮಾಡುವ ಸರ್, ಅದಕ್ಕೆಂತ. ಆದ್ರೆ ಇದು ನಮ್ಮ ಪ್ರೈವೇಟ್ ಬೀಚಿನಲ್ಲಿ ಹಿಡಿದ ಮೀನಲ್ವಾ? ಹಾಗಾದ್ರೆ ಹೋಟೆಲಿನದ್ದೇ ಆಯ್ತಲ್ಲ?” ಎಂದರು.

ರಾಯರು ಬಿಳಿಚಿಕೊಂಡದ್ದು ಒಂದು ನಿಮಿಷ ಮಾತ್ರ. ಆಮೇಲೆ ಅವರ ಬಾಯಿಂದ 1991ರ ಅಧಿಸೂಚನೆಯು 500 ಮೀಟರು, 20 ಮೀಟರುಗಳ ಸಮೇತ ಹೊರಹೊಮ್ಮಿದ ಬಗೆಯನ್ನು ಕೇಳಿ, ಪಕ್ಕದಲ್ಲಿ ನಿಂತಿದ್ದ ಕಾವಲುಗಾರನು ಬಾಯಿ ಬಿಟ್ಟುಕೊಂಡು ನೋಡಿದನು. ಕಡಲತೀರವು ಸಾರ್ವಜನಿಕರದು; ಮೀನು ಎಳೆದವರದು; ಪಾಲು ತಮ್ಮದು. ಮ್ಯಾನೇಜರು ಒಪ್ಪಿದರು. ಮಧ್ಯಾಹ್ನದ ಹೊತ್ತಿಗೆ ನೌಕರರ ಅಡಿಗೆಮನೆಯಿಂದ ಬಂಗುಡೆ ಹುರಿಯುವ ವಾಸನೆ ಬಂದಾಗ ರಾಯರು ಕಿಟಕಿಯನ್ನು ಮುಚ್ಚಿದರು. ಸಂಜೆ ಕ್ರಿಕೆಟಿನ ಹುಡುಗರ ಚೆಂಡು ಅವರ ಕುರ್ಚಿಯ ಬಳಿಗೆ ಉರುಳಿಬಂದಾಗ ಎತ್ತಿ ಎಸೆದರು.

ಹೊರಡುವ ದಿನದ ಬಿಲ್ಲಿನಲ್ಲಿ, ದಡದ ದರದಂತೆ ಬಂಗುಡೆ 12ಕ್ಕೆ 240 ರೂಪಾಯಿ ಜಮಾ ಆಗಿತ್ತು. ಅದರ ಕೆಳಗೆ, ಮೀನಿನ ವಾಸನೆ ಹಿಡಿದು ಕೆಟ್ಟ ಟವಲು 1ಕ್ಕೆ 250 ರೂಪಾಯಿ ಖರ್ಚು ಬಿದ್ದಿತ್ತು. ರಾಯರು ಎರಡು ಸಲ ಕೂಡಿಸಿ ನೋಡಿದರು. ಲೆಕ್ಕ ಸರಿಯಾಗಿಯೇ ಇತ್ತು.

“ಹತ್ತು ರೂಪಾಯಿ ಬಿಡಿ ಸರ್,” ಎಂದರು ಮ್ಯಾನೇಜರು.

“ಬಿಡುವುದೆಂದರೇನು? ತೆಗೆದುಕೊಳ್ಳಿ. ರಸೀದಿ ಕೊಡಿ.”

ಹತ್ತು ರೂಪಾಯಿಗೆ ಯಂತ್ರವನ್ನು ಚಾಲೂ ಮಾಡುವ ಮನಸ್ಸಿಲ್ಲದೆ ಮ್ಯಾನೇಜರು ಹತ್ತಿರವಿದ್ದ ಕರಪತ್ರವೊಂದರ ಅಂಚಿನಲ್ಲಿ ‘ಹತ್ತು ರೂಪಾಯಿ ಮಾತ್ರ ಸಂದಿದೆ’ ಎಂದು ಬರೆದುಕೊಟ್ಟರು. ರಾಯರು ಅದನ್ನು ಬೆಳಕಿಗೆ ಹಿಡಿದು ಓದಿದರು. ಅದರ ಮೇಲ್ಭಾಗದ ಬಣ್ಣದ ಚಿತ್ರವನ್ನೂ, ಚಿತ್ರದ ಕೆಳಗಣ ದಪ್ಪಕ್ಷರವನ್ನೂ ಓದಿದರು. ಬಳಿಕ ಜೇಬಿನಿಂದ ಹಸಿರು ಮಸಿಯ ಪೆನ್ನನ್ನು ತೆಗೆದು, ‘ಖಾಸಗಿ’ ಎಂಬ ಶಬ್ದದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿಯನ್ನೂ ತಾರೀಖನ್ನೂ ಹಾಕಿ, ನಾಲ್ಕಾಗಿ ಮಡಿಸಿ ದಿನಚರಿಯೊಳಗೆ ಇಟ್ಟುಕೊಂಡರು.