ಚಿತ್ತವೋ ಚಿತ್ತೋ: ನಾಲ್ಕು ತಾಲೂಕುಗಳ ವೇದಾಂತ ವಿಚಾರ

ಪ್ರಸ್ತಾವನೆ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಒಂದು ಪುರಾತನ ವಾದ ಇನ್ನೂ ಇತ್ಯರ್ಥವಾಗಿಲ್ಲ. ಮನೆಯಲ್ಲಿ ಅಪ್ಪ ‘ಚಿತ್ತ ಓದಿನ ಮ್ಯಾಲಿರ್ಲಿ’ ಎನ್ನುತ್ತಾನೆ. ಗರಡಿಯಲ್ಲಿ ವಸ್ತಾದರು ‘ಚಿತ್ ಮಾಡಲೇ’ ಎನ್ನುತ್ತಾರೆ. ವೇದಾಂತಿಗೆ ಚಿತ್ ಎಂದರೆ ಅರಿವು. ಹಳಿಯಾಳದ ಪೈಲ್ವಾನನಿಗೆ ಎದುರಾಳಿಯ ಎರಡೂ ಭುಜ ಮಣ್ಣು ಮುಟ್ಟುವುದು. ಒಂದು ಒತ್ತಕ್ಷರದ ಈ ಅಂತರದಿಂದ ಎಷ್ಟು ಮನೆಗಳಲ್ಲಿ ರಾತ್ರಿ ತಾಟು ಸದ್ದು ಮಾಡಿದವೆಂಬ ಲೆಕ್ಕವನ್ನು ಯಾವ ಗೆಜೆಟಿಯರೂ ಬರೆದಿಟ್ಟಿಲ್ಲ. ಆ ಲೋಪ ನೀಗಲೆಂದೇ ಈ ಪುಟ್ಟ ಭಾಷ್ಯ.

ದ್ವೈತಮತ

ಓದು ಬೇರೆ, ಆಟ ಬೇರೆ. ಈ ಭೇದ ನಿತ್ಯ, ಸತ್ಯ, ಮಾರ್ಚ್ ತಿಂಗಳಲ್ಲಿ ಪ್ರತ್ಯಕ್ಷ. ಜಾತ್ರೆಯ ಕುಸ್ತಿಗಳು ರಂಗೇರುವುದೂ ಬಿಸಿಲೇರುವಾಗಲೇ, ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವುದೂ ಆಗಲೇ. ಈ ಮತದ ಪೀಠ ದಾಂಡೇಲಿ. 1950ರ ದಶಕದಿಂದ ಕಾಗದ ಕಾರ್ಖಾನೆಯ ವಾಸನೆ ಕುಡಿದು ಬೆಳೆದ ಊರಿಗೆ ಕಾಗದದ ಮೇಲೆ ಶ್ರದ್ಧೆ ಹುಟ್ಟುವುದು ಸಹಜ. ‘ಬಿದಿರನ್ನೂ ಕುದಿಸಿ ಅರೆದ ಮೇಲೇ ಹಾಳೆ ಆಗೂದು, ನೀ ಯಾವ ಲೆಕ್ಕ?’ ಎಂಬುದು ಅಲ್ಲಿನ ತಂದೆಯರ ಮಹಾವಾಕ್ಯ.

ಅದ್ವೈತಮತ

ಎರಡೂ ಒಂದೇ; ಭೇದವೆಂಬುದು ಹೆಡ್‌ಮಾಸ್ತರರ ಮಾಯೆ. ಸಂವಾದವೊಂದು ಹೀಗಿದೆ:

‘ವಸ್ತಾದ್ರ, ನಾಳಿ ಗಣಿತ ಪರೀಕ್ಷಾ ಐತ್ರಿ.’

‘ಇರ್ಲಿ ಬಿಡೋ. ನೂರು ಬಸ್ಕಿ ಹೊಡಿ. ಎಣಸೂದೂ ಗಣಿತಾನ.’

ಇದಕ್ಕೆ ಮುಂಡಗೋಡದಲ್ಲಿ ಬಲವಾದ ದೃಷ್ಟಾಂತವಿದೆ. 1960ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ಕಾಲೊನಿಯ ಡ್ರೆಪುಂಗ್, ಗಾಡೆನ್ ಮಠಗಳಲ್ಲಿ ಭಿಕ್ಷುಗಳು ತರ್ಕಶಾಸ್ತ್ರ ಕಲಿಯುವಾಗ ಉತ್ತರಿಸುವವನು ಕೂತಿರುತ್ತಾನೆ. ಕೇಳುವವನು ನಿಂತು, ನೆಲಕ್ಕೆ ಕಾಲು ಅಪ್ಪಳಿಸಿ, ಫಟೀರನೆ ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ತೊಡೆ ತಟ್ಟುವುದೊಂದು ಬಾಕಿ. ಜೋಯಿಡಾದ ಕಾಡಂಚಿನ ಹುಡುಗಿ ಶಾಲೆಯ ಬಸ್ಸು ಹಿಡಿಯಲು ಓಡುವ ಓಟವನ್ನೂ ಇಲ್ಲೇ ಸೇರಿಸಬೇಕು. ಅದಕ್ಕೆ ಸ್ಟಾಪ್‌ವಾಚ್ ಹಿಡಿದವರಿಲ್ಲ. ಹಿಡಿದಿದ್ದರೆ ಹಾಜರಿಯೂ ಪದಕವೂ ಒಂದೇ ಓಟಕ್ಕೆ ದಕ್ಕುತ್ತಿದ್ದವು.

ವಿಶಿಷ್ಟಾದ್ವೈತಮತ

ಓದು, ಆಟ ಬೇರೆಯೇ, ಆದರೂ ಒಂದೇ ದೇಹದ ಅಂಗಗಳು. ಈ ಮತದ ಕ್ಷೇತ್ರ ಹಳಿಯಾಳದ ಕುಸ್ತಿ ಕ್ರೀಡಾ ವಸತಿ ನಿಲಯ. ಬೆಳಗ್ಗೆ ಮ್ಯಾಟು, ಹಗಲು ಶಾಲೆ, ಸಂಜೆ ಮತ್ತೆ ಮ್ಯಾಟು. ರಾತ್ರಿ ಪುಸ್ತಕ ತೆರೆದ ಕ್ಷಣವೇ ಕಣ್ಣು ಮುಚ್ಚುತ್ತದೆ. ಪಂಡಿತರು ಇದಕ್ಕೆ ಸಮನ್ವಯವೆಂದು ಹೆಸರಿಟ್ಟಿದ್ದಾರೆ.

ಅನುಮಾನ ಪ್ರಮಾಣದ ಪರೀಕ್ಷೆ

ಹೊಗೆ ಇದ್ದಲ್ಲಿ ಬೆಂಕಿ ಎಂಬುದು ನೈಯಾಯಿಕರ ಅನುಮಾನ. 1984ರಲ್ಲಿ ಹುಟ್ಟಿದ ಭಾರತೀಯ ಕ್ರೀಡಾ ಪ್ರಾಧಿಕಾರ ಅದೇ ದಶಕದಲ್ಲಿ ಇನ್ನೊಂದು ಅನುಮಾನ ಹೂಡಿತು: ಆಫ್ರಿಕಾ ಮೂಲ ಇದ್ದಲ್ಲಿ ಪದಕ. ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಈ ಕಾಡುಗಳ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ದೂರದ ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಹರ್ಡಲ್ಸ್‌ನಲ್ಲಿ ಹೆಸರು ಮಾಡಿದ ಕಮಲಾ ಸಿದ್ದಿಯಂಥವರು ಬೆಳೆದದ್ದು ಹಾಗೆ. ಅಷ್ಟರಲ್ಲಿ, 1990ರ ದಶಕದ ಆರಂಭದಲ್ಲಿ, ಯೋಜನೆಯೇ ನಿಂತಿತು. ಓಡುತ್ತಿದ್ದವರ ಕಾಲಡಿಯ ಟ್ರ್ಯಾಕನ್ನು ಚಾಪೆಯಂತೆ ಸುರುಳಿ ಸುತ್ತಿಕೊಂಡು ಹೋದ ಹಾಗಾಯಿತು. ಅರ್ಧ ಓಟ, ಅರ್ಧ ಓದು ಹೊತ್ತು ಊರಿಗೆ ಮರಳಿದವರಿಗೆ ಯಾವ ಮತದ ಆಚಾರ್ಯರೂ ಭಾಷ್ಯ ಬರೆಯಲಿಲ್ಲ. ಇಲ್ಲಿನ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೂ ಅದಾದ ಎಷ್ಟೋ ವರ್ಷಕ್ಕೆ, 2003ರಲ್ಲಿ. ಈಗ ಸಿದ್ದಿ ಹುಡುಗಿಯರು ಕುಸ್ತಿ ಮ್ಯಾಟಿನ ಮೇಲೆ ಗೆಲ್ಲುತ್ತಿದ್ದಾರೆ. ಆ ಹಳೆಯ ಅನುಮಾನದ ಕಣ್ಣಿದ್ದದ್ದಾದರೋ ಮುಖ್ಯವಾಗಿ ಓಟದ ಮೇಲೆ.

ಅನವಸ್ಥಾ ದೋಷ

ಆಡಲು ಓದು ಬೇಡವೆಂದು ಒಪ್ಪೋಣ. ಆಡಿಸಲು? ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಲು ಬಿ.ಪಿ.ಎಡ್. ಬೇಕು, ಬಿ.ಪಿ.ಎಡ್.ಗೆ ಪದವಿ, ಪದವಿಗೆ ಪಿಯುಸಿ, ಪಿಯುಸಿಗೆ ಎಸ್ಸೆಸ್ಸೆಲ್ಸಿ, ಎಸ್ಸೆಸ್ಸೆಲ್ಸಿಗೆ ಮಾರ್ಚ್ ತಿಂಗಳು. ಕೋಚ್‌ಗಳನ್ನು ತಯಾರಿಸಲೆಂದೇ 1961ರಲ್ಲಿ ಪಟಿಯಾಲದ ಅರಮನೆಯಲ್ಲಿ ಕ್ರೀಡಾ ಸಂಸ್ಥೆ ತೆರೆದರು. ಅರಮನೆಯ ಬಾಗಿಲಲ್ಲೂ ಅಂಕಪಟ್ಟಿ ತೋರಿಸಬೇಕು. ಆಟಕ್ಕಾಗಿ ಓದು ಬಿಟ್ಟವನು ಆಟ ಕಲಿಸಲು ಬಿಟ್ಟಲ್ಲಿಗೇ ಬಂದು ನಿಲ್ಲುತ್ತಾನೆ.

ಮೇಲಿನ ಸಂವಾದದ ವಸ್ತಾದರು ಒಮ್ಮೆ ಕೋಚ್ ಹುದ್ದೆಗೆ ಅರ್ಜಿ ಹಿಡಿದು ಹೋದರಂತೆ. ಗುಮಾಸ್ತ ಸರ್ಟಿಫಿಕೇಟು ಕೇಳಿದ. ವಸ್ತಾದರು ರುಮಾಲು ಸರಿಸಿ ಕಿವಿ ತೋರಿಸಿದರು: ಮಣ್ಣಿನಲ್ಲಿ ತಿಕ್ಕಿ ತಿಕ್ಕಿ ಮುದುಡಿ, ಒಣ ಅಣಬೆಯಂತೆ ಗಟ್ಟಿಯಾದ ಕಿವಿ. ಬಲ್ಲವರಿಗೆ ಅದು ಮೂವತ್ತು ವರ್ಷದ ಅಂಕಪಟ್ಟಿ. ಗುಮಾಸ್ತ ಬಗ್ಗಿ ನೋಡಿದ. ಮನಸ್ಸಿನಲ್ಲೇ ನಮಸ್ಕರಿಸಿದನೆಂದೂ ಪಾಠಾಂತರವುಂಟು. ಆದರೂ ಕೇಳಿದ್ದು ಇಷ್ಟೇ: ‘ಇದರದು ಎರಡು ಜೆರಾಕ್ಸ್ ಬೇಕಾಗ್ತಾವರಿ.’

ಸಿದ್ಧಾಂತ

ಅಂದು ಸಂಜೆ ವಸ್ತಾದರು ಗರಡಿಗೆ ಬಂದರು. ಶಿಷ್ಯ ಆಗಲೇ ಲಂಗೋಟ ಕಟ್ಟಿ ನಿಂತಿದ್ದ.

‘ಪರೀಕ್ಷಾ ಯಾವತ್ತಲೇ?’

‘ನಾಳೇರಿ. ನೀವ ಹೇಳಿದ್ರಲ್ಲಾ, ಬಸ್ಕಿ...’

‘ಲಂಗೋಟ ಬಿಚ್ಚು, ಮನಿಗಿ ನಡಿ. ಬರದು ಬಾ. ಕಿವಿ ಆಮ್ಯಾಲೆ ಮುರಕೊಳ್ಳೂಣಂತ.’