ಶ್ರೀಮಾನ್ ಸರಳರೇಖೆಯವರಿಗೊಂದು ಬಹಿರಂಗ ಪತ್ರ

ನಕಾಶೆ ನಿವಾಸಿ ಶ್ರೀಮಾನ್ ಸರಳರೇಖೆಯವರಿಗೆ,

ಹುಬ್ಬಳ್ಳಿಯಿಂದ ಸಾಷ್ಟಾಂಗ ನಮಸ್ಕಾರ. ನಿಮ್ಮಷ್ಟೇ ನೆಟ್ಟಗೆ ಮಲಗಿ ಮಾಡಿದ್ದೇನೆ, ಸ್ವೀಕರಿಸಬೇಕು.

ಹುಬ್ಬಳ್ಳಿಯಿಂದ ಮಂಗಳೂರಿಗೆ ಆಕಾಶದಲ್ಲಿ ಸುಮಾರು 266 ಕಿಲೋಮೀಟರು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಎಟಿಆರ್ ವಿಮಾನದ ವೇಗ ಗಂಟೆಗೆ ಹತ್ತಿರ ಹತ್ತಿರ 500 ಕಿ.ಮೀ. ಏರುವುದಕ್ಕೆ, ಇಳಿಯುವುದಕ್ಕೆ ಹೊತ್ತು ಸೇರಿಸಿದರೂ ಒಂದು ಗಂಟೆಯ ದಾರಿ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕುಡಿದ ಚಹಾದ ರುಚಿ ಆರುವುದರೊಳಗೆ ಮಂಗಳೂರಿನ ಬಜ್ಪೆ! ನಂಬಿದೆ. ಮಂಗಳೂರಿಗೆ ಕೊಟ್ಟ ಮಗಳಿಗೆಂದು ಧಾರವಾಡ ಪೇಢೆ ಕಟ್ಟಿಸಿಕೊಂಡು ಹೊರಟೆ.

ಆ ದಿನ ನೇರ ವಿಮಾನ ಇರಲಿಲ್ಲ. "ಬೆಂಗಳೂರಿಗೆ ಹೋಗಿ ಹೋಗ್ರಿ ಕಾಕಾ" ಎಂದ ಟಿಕೆಟ್ ಮಾಡಿಕೊಟ್ಟ ಹುಡುಗ. ಹೋದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 370 ಕಿ.ಮೀ. ಹಾರಿ ಇಳಿದಾಗ ಮಗಳ ಫೋನು: "ಅಪ್ಪಾ, ಸಮೀಪ ಬಂದ್ಯಾ?" ಲೆಕ್ಕ ಹಾಕಿದೆ. ಬೆಂಗಳೂರಿನಿಂದ ಮಂಗಳೂರಿಗೆ 306 ಕಿ.ಮೀ. ಅಂದರೆ ಒಂದು ತಾಸಿನ ಮೇಲೆ ಹಾರಿದ ನಾನು, ಮನೆಯಲ್ಲಿ ಸುಮ್ಮನೆ ಕೂತಿದ್ದಾಗಿನದಕ್ಕಿಂತ 40 ಕಿ.ಮೀ. ದೂರವಾಗಿದ್ದೆ! "ಬರ್ಲಿಕ್ಕೆ ಹತ್ತೇನವ್ವಾ" ಎಂದಷ್ಟೇ ಹೇಳಿ, ಮುಂದಿನ ವಿಮಾನಕ್ಕಾಗಿ ನಾಲ್ಕು ತಾಸು ಕುರ್ಚಿ ಕಾದೆ.

ಹಿಂದಿನವರು ಕೊಂಕಣ ಸುತ್ತಿ ಮೈಲಾರಕ್ಕೆ ಬಂದರಂತೆ. ನಾವು ಬೆಂಗಳೂರು ಸುತ್ತಿ ಕರಾವಳಿಗೆ ಹೋಗುತ್ತೇವೆ. ಪ್ರಗತಿ ಎಂದರೆ ಇದೇ ಇರಬೇಕು.

ವಿಮಾನದವರ ಕಷ್ಟ ನನಗೆ ಗೊತ್ತಿಲ್ಲ ಎನ್ನಬೇಡಿ. ಎಪ್ಪತ್ತು ಸೀಟು ತುಂಬುವಷ್ಟು ಜನ ಸಣ್ಣ ಊರಿಂದ ಸಣ್ಣ ಊರಿಗೆ ದಿನಾ ಸಿಗುವುದಿಲ್ಲ. ಅದಕ್ಕೇ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಸುರಿದ ಹಾಗೆ ನಮ್ಮನ್ನೆಲ್ಲ ಬೆಂಗಳೂರಿನಲ್ಲಿ ರಾಶಿ ಹಾಕಿ, ಅಲ್ಲಿಂದ ಚೀಲ ಕಟ್ಟಿ ಕಳಿಸುತ್ತಾರೆ. ಈ ಕೊರತೆ ತುಂಬಲೆಂದೇ 2016ರಲ್ಲಿ ಉಡಾನ್ ಯೋಜನೆ ಬಂತು. ನಷ್ಟಕ್ಕೆ ಮೂರು ವರ್ಷ ಸರಕಾರದ ಆಸರೆ. 2023ರ ಸಿಎಜಿ ವರದಿ ತಮ್ಮ ಕಣ್ಣಿಗೆ ಬಿದ್ದಿದೆಯೇ? ಯೋಜನೆಯ ಮೂರನೇ ಸುತ್ತಿನವರೆಗೆ ಹಂಚಿದ್ದು 774 ಮಾರ್ಗ. ಹಾರಾಟ ಶುರುವೇ ಆಗದ್ದು 403. ಶುರುವಾದ 371ರಲ್ಲಿ ಮೂರು ವರ್ಷ ಮುಗಿಸಿದ್ದು 112. ಆಸರೆ ತೆಗೆದ ಮೇಲೂ ನಿಂತದ್ದು 54. ಆ 774ಕ್ಕೂ ನಕಾಶೆಯ ಮೇಲೆ ಚೆಂದಾಗಿ ಮಲಗಿ ತೋರಿಸಿದವರು ತಾವೇ ಅಲ್ಲವೇ?

ರೈಲಿನಲ್ಲಿ ಹೋಗು ಎನ್ನುತ್ತೀರಾ? ನೇರ ಕರಾವಳಿಗೆ ಇಳಿಯಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದಿಂದ ತಮ್ಮ ಮನೆಯಲ್ಲೇ ಬಾಡಿಗೆಗಿದೆ. ಖಾಲಿ ಮಾಡಿಸುವ ಲಕ್ಷಣ ಕಾಣುವುದಿಲ್ಲ.

ಇನ್ನೊಂದು ಗುಟ್ಟೂ ತಿಳಿಯಿತು. ಭೂಮಿ ದುಂಡಗಿರುವುದರಿಂದ ವಿಮಾನಗಳ ಲೆಕ್ಕದಲ್ಲಿ ತಾವೂ ಸ್ವಲ್ಪ ಬಾಗಿದವರೇ ಅಂತೆ. ಸಂತೋಷ. ತಾವು ಭೂಮಿಗೆ ಬಾಗಿದಿರಿ, ನಾವು ಟಿಕೆಟ್ಟಿಗೆ.

ಇಂತಿ,
ಬೆಂಗಳೂರು ಕಾಣುವ ಆಸೆಯಿಲ್ಲದೆ ಬೆಂಗಳೂರು ಕಂಡ
ಒಬ್ಬ ಹುಬ್ಬಳ್ಳಿಯವ

ತಾ.ಕ.: ಮುಂದಿನ ಸಲಕ್ಕೆ ರಾತ್ರಿ ಬಸ್ಸಿಗೆ ಸೀಟು ಹಿಡಿಸಿದ್ದೇನೆ. ಅರಬೈಲು ಘಟ್ಟದಲ್ಲಿ ಎಷ್ಟು ತಿರುವು ತಿರುಗಿದರೂ ಬಸ್ಸಿನ ಮುಖ ಮಾತ್ರ ಮಗಳ ಊರಿನ ಕಡೆಗೇ ಇರುತ್ತದೆ.