ಅಜ್ಜಿಗೊಂದು ಗ್ರೇಸ್ ಮಾರ್ಕು

ವಯಸ್ಸಾದವರ ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ವೈದ್ಯರ ಬಳಿ ಮೂವತ್ತು ಅಂಕದ ಪ್ರಶ್ನೆಪತ್ರಿಕೆಗಳಿವೆ. 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಂಎಂಎಸ್‌ಇ ಒಂದು, 2005ರಲ್ಲಿ ಮಾಂಟ್ರಿಯಲ್‌ನಿಂದ ಬಂದ ಮೋಕಾ ಇನ್ನೊಂದು. ಎಸ್ಸೆಸ್ಸೆಲ್ಸಿಗೆ ಬಹುಕಾಲ ನೂರಕ್ಕೆ ಮೂವತ್ತೈದು ಸಾಕಾಗುತ್ತಿತ್ತು. ಮೋಕಾ ಪಾಸಾಗಲು ಮೂವತ್ತಕ್ಕೆ ಇಪ್ಪತ್ತಾರು ಬೇಕು. ಗಡಿಯಾರ ಬರೆಯಬೇಕು, ಘನಾಕೃತಿ ಬರೆಯಬೇಕು, ಘೇಂಡಾಮೃಗದ ಚಿತ್ರ ನೋಡಿ ಹೆಸರು ಹೇಳಬೇಕು. ಬಳ್ಳಾರಿ ಜಿಲ್ಲೆಯ ಕರಡಿಧಾಮದ ಪಕ್ಕದ ದರೋಜಿಯ ಮುದುಕರಿಗೆ ಕರಡಿ ತೋರಿಸಿದ್ದರೆ ಹೆಸರಿನ ಜೊತೆ ಅದು ಓಡಾಡುವ ದಾರಿಯನ್ನೂ ಹೇಳುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವರ ಮೇಲೆ ಮೋಕಾಗೆ ಕರುಣೆಯಿಲ್ಲ ಅನ್ನಬೇಡಿ. ಒಂದು ಗ್ರೇಸ್ ಮಾರ್ಕು ಕೊಡುತ್ತದೆ. ಪಿಯುಸಿ ಮುಗಿಸಿದವರಿಗೂ ಅದೇ ಒಂದು.

“ಯವ್ವಾ, ನಾವೀಗ ಯಾವ ಜಿಲ್ಲಾದಾಗ ಅದೀವಿ?” ಎಂಎಂಎಸ್‌ಇಯಲ್ಲಿ ಇದೂ ಒಂದು ಪ್ರಶ್ನೆ. ಎಂಬತ್ತೈದರ ಅಜ್ಜಿ ಸಂಡೂರಿನಲ್ಲಿ ಹುಟ್ಟಿದಾಗ ಅದು ಘೋರ್ಪಡೆಯವರ ಸಂಸ್ಥಾನ. 1949ರಲ್ಲಿ ಮದ್ರಾಸಿಗೆ ಸೇರಿತು, 1953ರಲ್ಲಿ ಮೈಸೂರಿಗೆ. 1973ರಲ್ಲಿ ಮೈಸೂರೇ ಕರ್ನಾಟಕವಾಯಿತು. 2021ರಲ್ಲಿ ಹೊಸಪೇಟೆ, ಹಂಪಿ ಎದ್ದು ವಿಜಯನಗರ ಜಿಲ್ಲೆಯಾದವು. ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಹೊಸಪೇಟೆ ತಾಲ್ಲೂಕಿನಲ್ಲಿದ್ದ ಕಂಪ್ಲಿಯೂ ಬೇರೆ ತಾಲ್ಲೂಕಾಗಿ ಬಳ್ಳಾರಿಗೇ ಉಳಿಯಿತು. ಗೆರೆ ಅಳಿಸಿ ಬರೆದವರು ವಿಧಾನಸೌಧದವರು, ಅಂಕ ಕಳೆದುಕೊಳ್ಳುವವಳು ಅಜ್ಜಿ.

ಆಮೇಲೆ ಮೋಕಾದ ನೆನಪಿನ ಪರೀಕ್ಷೆ: ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳುವುದು. ಜನಪದ ಕಾವ್ಯ ಹಾಡುತ್ತಿದ್ದ ದರೋಜಿಯ ಬುರ್ರಕಥಾ ಈರಮ್ಮ ಬುಡ್ಗ ಜಂಗಮ ಅಲೆಮಾರಿ ಸಮುದಾಯದವರು, ಓದುಬರಹ ಕಲಿತವರಲ್ಲ. ಹನ್ನೆರಡು ಕಾವ್ಯ, ಅಚ್ಚು ಹಾಕಿದರೆ ಏಳು ಸಾವಿರ ಪುಟ, ಅವರ ನಾಲಿಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟು ಕೈಮುಗಿಯಿತು. 2014ರಲ್ಲಿ ತೀರಿಕೊಂಡ ಆ ತಾಯಿಯ ಕೈಗೆ ಪೆನ್ನು ಕೊಟ್ಟು “ಘನಾಕೃತಿ ಬರೀರಿ” ಅಂದಿದ್ದರೆ ಏನಾಗುತ್ತಿತ್ತೋ, ನೀವೇ ಅಂಕ ಹಾಕಿ.

ಎಂಎಂಎಸ್‌ಇಯಲ್ಲಿ ಒಂದರೊಳಗೊಂದು ಸಿಕ್ಕ ಎರಡು ಪಂಚಕೋನಗಳನ್ನು ನೋಡಿ ಬರೆಯಬೇಕು. ಆಕೃತಿಗಳನ್ನು ಸೂಜಿಯಲ್ಲೇ ಬರೆಯುವ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ ಬಂತು. 2023ರ ಜುಲೈನಲ್ಲಿ ಜಿ20 ಮಂದಿ ಹಂಪಿಗೆ ಬಂದಾಗ 1,755 ಲಂಬಾಣಿ ವಸ್ತುಗಳನ್ನಿಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಲಾಯಿತು. ಚೌಕ, ತ್ರಿಕೋನ, ನಡುವೆ ಕನ್ನಡಿ, ಎಲ್ಲವೂ ಕಣ್ಣಳತೆ. ಪರೀಕ್ಷಾ ಕೊಠಡಿಯೊಳಗೆ ಮಾತ್ರ ಸೂಜಿಗೆ ಪ್ರವೇಶವಿಲ್ಲ.

ಭಾಷೆಯ ವಿಷಯ ಇನ್ನೂ ಚಂದ. ಐಸಿಎಂಆರ್ ಭಾರತೀಯರಿಗೆಂದೇ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಕನ್ನಡ ಇದೆ, ತೆಲುಗು ಇದೆ, ಹಿಂದಿ, ಬಂಗಾಳಿ, ಮಲಯಾಳಂ ಇವೆ. ಒಳ್ಳೆಯ ಕೆಲಸವೇ. ತಾಂಡಾದ ಗೋರ್ ಬೋಲಿ, ಅಂದರೆ ಲಂಬಾಣಿ ಮಾತು, ಅದರಲ್ಲಿಲ್ಲ. ಬ್ಯಾಂಕಿನ ಚಲನ್ನು ಹಿಂದಿಯಲ್ಲಿದ್ದರೆ ಊರೆಲ್ಲ ಕೂಗಾಡುವ ನಾವು, ತಾಂಡಾದ ಅಜ್ಜಿಗೆ ಪುಸ್ತಕದ ಕನ್ನಡದಲ್ಲಿ “ಪುನರುಚ್ಚರಿಸಿ” ಅಂದು ಉತ್ತರ ಬರದಿದ್ದರೆ ಆಕೆಯ ಮಿದುಳನ್ನೇ ಅನುಮಾನಿಸುತ್ತೇವೆ. ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ, ಗಣಿ ಲಾರಿಯವರೊಡನೆ ತೆಲುಗು, ಹಿಂದಿ: ಇಷ್ಟು ಭಾಷೆ ಆಡುವ ಆಕೆಗೆ ಅದಕ್ಕೊಂದೂ ಅಂಕವಿಲ್ಲ. ಆದರೆ ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು ಬೇರೆ: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದದವರಲ್ಲೂ.

ಬೇರೆ ಥರ ಕೇಳಲು ಬರುವುದಿಲ್ಲವೆಂದಲ್ಲ. ಹರಿಯಾಣದ ಬಲ್ಲಭಗಢದ ಅನಕ್ಷರಸ್ಥ ಮುದುಕರಿಗೆಂದು 1990ರ ದಶಕದಲ್ಲೇ ಎಂಎಂಎಸ್‌ಇಯನ್ನು ತಿದ್ದಿ ಬರೆದರು. ನೂರರಿಂದ ಏಳೇಳು ಕಳೆಯುವ ಬದಲು ಇಪ್ಪತ್ತರಿಂದ ಮೂರು ಮೂರು. ಓದಿ ಕಣ್ಣು ಮುಚ್ಚುವ ಬದಲು, ನಾನು ಮಾಡಿದಂತೆ ಮಾಡು.

ಹಾಗೆ ಕೇಳದ ಕಡೆ ಗಟ್ಟಿಮುಟ್ಟಾದ ಅಜ್ಜಿ ಕಾಗದದ ಮೇಲೆ ರೋಗಿಯಾಗುತ್ತಾಳೆ. ನಿಜವಾದ ರೋಗಿಯ ಪಾಡು ಇನ್ನೂ ಕಡೆ. ಹಾಕುತ್ತಿದ್ದ ಹೊಲಿಗೆ ಮರೆತವಳನ್ನು, ಹಟ್ಟಿಯ ದಾರಿ ತಪ್ಪಿದವಳನ್ನು “ಅರವತ್ತಕ್ಕೆ ಅರಳುಮರಳು ಬಿಡ್ರಿ” ಎಂದು ಮನೆಗೆ ಕಳಿಸಲಾಗುತ್ತದೆ. ಪಂಚಕೋನಕ್ಕಿಂತ ಹೆಚ್ಚು ಹೇಳಬಲ್ಲವಳು ಒಲೆಯ ಮುಂದಿನ ಸೊಸೆ: ಹೋದ ವರ್ಷಕ್ಕೂ ಈ ವರ್ಷಕ್ಕೂ ಅತ್ತೆಯಲ್ಲಿ ಏನು ಬದಲಾಗಿದೆಯೆಂದು ಆಕೆಗೆ ಗೊತ್ತು. ಆಕೆ ಕಬ್ಬು ಕಡಿಯಲು ಹೋಗಿದ್ದಾಳೆ. ಜೊತೆಗೆ ಬಂದ ಮೊಮ್ಮಗನ ಕೈಗೆ ಚೀಟಿ ಬರುತ್ತದೆ: “ಮುಂದಿನ ಸಲ ಕನ್ನಡ ಚೆನ್ನಾಗಿ ಬರೋರನ್ನ ಕರಕೊಂಡು ಬರ್ರಿ.”